ಸಂಘ ಕಂಪನಿಯಾದಾಗ ಲೆಕ್ಕದ ಪುಸ್ತಕ ಏನಾಗಬೇಕು?

(ಶಿರಾದಲ್ಲಿ ರೈತರಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೇಸಾಯಶಾಸ್ತ್ರದವನು ಬಂದರೆ ನೆಲಗಡಲೆಯ ಸಾಲಿನ ಅಂತರ, ಜಿಪ್ಸಂ ಹಾಕುವ ಕಾಲ, ತೊಗರಿಯ ಅಕ್ಕಡಿ ಸಾಲು ಇವುಗಳ ಬಗ್ಗೆ ಹೇಳುವುದು ವಾಡಿಕೆ. ಇಂದು ನಾನು ಲೆಕ್ಕದ ಪುಸ್ತಕದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಕಾರಣವಿಷ್ಟೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದಲ್ಲಿ ಒಳ್ಳೆಯ ಬಿತ್ತನೆ ಬೀಜ ಸಕಾಲಕ್ಕೆ ಸಿಗುವುದೇ ಅರ್ಧ ಬೆಳೆ. ಆ ಬೀಜವನ್ನು, ಗೊಬ್ಬರವನ್ನು ರೈತರು ಒಟ್ಟಾಗಿ ಕೊಳ್ಳುತ್ತಾರೆ. ಕಾಯಿಯನ್ನು, ಹುಣಸೆಯನ್ನು, ಕುರಿಯನ್ನು ಒಟ್ಟಾಗಿ ಮಾರುತ್ತಾರೆ. ಒಟ್ಟಾಗಿ ಮಾಡುವ ಈ ಕೆಲಸವನ್ನು ಹಿಡಿದಿಟ್ಟಿರುವುದು ಲೆಕ್ಕ. ಲೆಕ್ಕ ಕೆಟ್ಟರೆ ನಂಬಿಕೆ ಕೆಡುತ್ತದೆ. ನಂಬಿಕೆ ಕೆಟ್ಟ ಸಂಘವು ಮುಂದಿನ ಜೂನ್ ತಿಂಗಳಲ್ಲಿ ಬೀಜ ತರಿಸಲಾರದು.

ಲೆಕ್ಕ ಕೆಡುವ ಸಂದರ್ಭಗಳು ಹಲವು. ಅವುಗಳಲ್ಲಿ ಹೆಚ್ಚು ಅಪಾಯಕರವಾದುದು ಸಂಸ್ಥೆಯ ರೂಪ ಬದಲಾಗುವ ಸಂದರ್ಭ. ರೈತರ ಗುಂಪೊಂದು ಉತ್ಪಾದಕರ ಕಂಪನಿಯಾಗುತ್ತದೆ. ಒಬ್ಬರೇ ನಡೆಸುತ್ತಿದ್ದ ಗೊಬ್ಬರದ ಅಂಗಡಿ ಅಣ್ಣತಮ್ಮಂದಿರ ಪಾಲುದಾರಿಕೆಯಾಗುತ್ತದೆ. ಪಾಲುದಾರಿಕೆಯ ಎಣ್ಣೆ ಗಾಣ ಖಾಸಗಿ ಕಂಪನಿಯಾಗುತ್ತದೆ. ಅಂಗಡಿಯ ಯಜಮಾನರು ತೀರಿಕೊಂಡು ಮಗಳೋ ಮಗನೋ ವ್ಯಾಪಾರ ಮುಂದುವರಿಸುತ್ತಾರೆ. ಹಿಂದೆ ಇಂಥ ವೇಳೆಯಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಬರೆಯಲು ತೊಡಗುತ್ತಿದ್ದರು. ಈಗ ಲೆಕ್ಕವಿರುವುದು ಕಂಪ್ಯೂಟರಿನಲ್ಲಿ. ಅಲ್ಲಿ ಹೊಸ ಪುಸ್ತಕ ತೆರೆಯುವುದಕ್ಕಿಂತ ಹಳೆಯ ಪುಸ್ತಕದ ಹೆಸರು ತಿದ್ದುವುದು ಸುಲಭ. ತೊಂದರೆ ಶುರುವಾಗುವುದೇ ಅಲ್ಲಿ.

ಹೆಸರಿನ ಬದಲಾವಣೆ ಬೇರೆ, ವ್ಯಕ್ತಿಯ ಬದಲಾವಣೆ ಬೇರೆ

ನಿಮಗೆಲ್ಲ ಅನುಭವವಿರುವ ಒಂದು ಸಂಗತಿಯಿಂದ ಆರಂಭಿಸೋಣ. ತುಮಕೂರಿನಲ್ಲಿ ಕೇಂದ್ರ ಕಚೇರಿಯಿದ್ದ ಕಲ್ಪತರು ಗ್ರಾಮೀಣ ಬ್ಯಾಂಕು ಮೊದಲು ಕಾವೇರಿ ಕಲ್ಪತರು ಗ್ರಾಮೀಣ ಬ್ಯಾಂಕಾಯಿತು. 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಾಯಿತು, 2019ರಲ್ಲಿ ಮತ್ತೊಂದು ವಿಲೀನವಾಯಿತು, 2025ರ ಮೇ 1ರಂದು ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಪ್ರತಿ ಸಲವೂ ಬೋರ್ಡು ಬದಲಾಯಿತು, ಪಾಸ್‌ಬುಕ್ಕು ಬದಲಾಯಿತು. ಆದರೆ ರೈತ ನೋಡಿದ್ದು ಒಂದನ್ನೇ: ಹಳೆಯ ಪಾಸ್‌ಬುಕ್ಕಿನ ಕೊನೆಯ ಶಿಲ್ಕು ಹೊಸ ಪಾಸ್‌ಬುಕ್ಕಿನ ಮೊದಲ ಸಾಲಿನಲ್ಲಿ ಬಂದಿದೆಯೇ ಇಲ್ಲವೇ?

ನಿಮ್ಮ ಸಂಘದ ಸದಸ್ಯನೂ ನಿಮ್ಮನ್ನು ಇದನ್ನೇ ಕೇಳುತ್ತಾನೆ. ಉತ್ತರ ಹೇಳಬೇಕಾದರೆ ಬದಲಾದದ್ದು ಹೆಸರೋ ಅಥವಾ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯೋ ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಸುಲಭವಾದ ಅಳತೆಗೋಲು ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರವನ್ನು ನೋಡಿರಿ. ಒಬ್ಬ ವ್ಯಕ್ತಿಯದಾದರೆ ಅಲ್ಲಿ ‘ಪಿ’ ಇರುತ್ತದೆ, ಪಾಲುದಾರಿಕೆಯದಾದರೆ ‘ಎಫ್’, ಕಂಪನಿಯದಾದರೆ ‘ಸಿ’. ಗುಂಪುಗಳಿಗೆ ಸಾಮಾನ್ಯವಾಗಿ ‘ಎ’. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಗುರುತು. ನಮ್ಮ ರಾಜ್ಯದ್ದು 29. ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆಯೇ. ಆದ್ದರಿಂದ ಪ್ಯಾನ್ ಬದಲಾದರೆ ಜಿಎಸ್‌ಟಿ ಸಂಖ್ಯೆಯೂ ಬದಲಾಗುತ್ತದೆ.

ಇದರಿಂದ ಒಂದು ಸರಳ ನಿಯಮ ದೊರೆಯುತ್ತದೆ. ಪ್ಯಾನ್ ಬದಲಾದರೆ ಲೆಕ್ಕದ ಪುಸ್ತಕ ಬದಲಾಗತಕ್ಕದ್ದು. ಪ್ಯಾನ್ ಬದಲಾಗದಿದ್ದರೆ ಪುಸ್ತಕ ಬದಲಾಗತಕ್ಕದ್ದಲ್ಲ.

ಕಂಪನಿಯೊಂದು ತನ್ನ ಹೆಸರನ್ನಷ್ಟೇ ಬದಲಾಯಿಸಿಕೊಂಡರೆ ವ್ಯಕ್ತಿ ಅದೇ. ಹಳೆಯ ಪುಸ್ತಕವೇ ಮುಂದುವರಿಯಲಿ. ಪಾಲುದಾರಿಕೆಯಲ್ಲಿ ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಸೇರಿ ಅದೇ ಸಂಸ್ಥೆ ಅದೇ ಪ್ಯಾನ್‌ನಲ್ಲಿ ಮುಂದುವರಿದರೆ ಪಾಲುದಾರರ ಬಂಡವಾಳದ ಖಾತೆಗಳು ಮಾತ್ರ ಬದಲಾಗುತ್ತವೆ. ಆದರೆ ಗುಂಪು ಕಂಪನಿಯಾದರೆ, ಒಬ್ಬರ ಅಂಗಡಿ ಪಾಲುದಾರಿಕೆಯಾದರೆ, ಯಜಮಾನರ ನಂತರ ವಾರಸುದಾರರು ಅಂಗಡಿ ನಡೆಸಿದರೆ, ಕಾನೂನಿನ ಪ್ರಕಾರ ಅದು ಹೊಸ ವ್ಯಕ್ತಿ. ಕಟ್ಟಡ ಅದೇ ಇರಬಹುದು, ತಕ್ಕಡಿ ಅದೇ ಇರಬಹುದು, ಗಲ್ಲದ ಮೇಲೆ ಕೂತವರೂ ಅವರೇ ಇರಬಹುದು. ಪುಸ್ತಕ ಮಾತ್ರ ಬೇರೆಯಾಗಬೇಕು.

ಸಹಕಾರ ಸಂಘಗಳ ಬಗ್ಗೆಯೂ ಒಂದು ಮಾತು. ಉತ್ಪಾದಕರ ಕಂಪನಿಗೆ ನಮ್ಮ ಕಾನೂನಿನಲ್ಲಿ ಎಡೆ ದೊರೆತದ್ದು 2002ರ ತಿದ್ದುಪಡಿಯಿಂದ. 2021ರ ಫೆಬ್ರವರಿಯಿಂದ ಅದು 2013ರ ಕಂಪನಿ ಕಾಯಿದೆಯ ಭಾಗವಾಗಿದೆ. ಅಂತರರಾಜ್ಯ ಸಹಕಾರ ಸಂಘವು ನೇರವಾಗಿ ಉತ್ಪಾದಕರ ಕಂಪನಿಯಾಗಿ ನೋಂದಾಯಿಸಿಕೊಳ್ಳಬಹುದು. ರಾಜ್ಯದ 1959ರ ಸಹಕಾರ ಸಂಘಗಳ ಕಾಯಿದೆಯಡಿ ನೋಂದಣಿಯಾದ ಹಳ್ಳಿಯ ಸಂಘಕ್ಕೆ ಆ ನೇರ ದಾರಿ ಇಲ್ಲ. ಅದರ ಸದಸ್ಯರು ಬೇರೆ ಕಂಪನಿ ಕಟ್ಟಬಹುದು, ಆದರೆ ಸಂಘದ ಹಣ ಸಂಘದ್ದೇ. ‘ಜನ ಅವರೇ ಅಲ್ಲವೇ’ ಎಂದು ಎರಡು ಲೆಕ್ಕಗಳನ್ನು ಕಲಸಬಾರದು.

ಕಡತದ ಕಾಲದಿಂದ ಎಡಿಟ್ ಲಾಗ್‌ವರೆಗೆ

ನಮ್ಮ ಹಿರಿಯರು ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುವ ಪುಸ್ತಕವದು. ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅಳಿಸಿದ್ದಕ್ಕೆ ಗುರುತು ಉಳಿಯುತ್ತಿರಲಿಲ್ಲವಾದ್ದರಿಂದ ಬರೆಯುವವನ ಪ್ರಾಮಾಣಿಕತೆಯೇ ಲೆಕ್ಕಕ್ಕೆ ಆಧಾರ. ವಂಶಪಾರಂಪರ್ಯದ ಶಾನುಭೋಗಿಕೆ 1963ರ ಫೆಬ್ರವರಿ 1ರಂದು ರದ್ದಾಗಿ ಹಳ್ಳಿಯ ದಾಖಲೆಗಳು ಗ್ರಾಮಲೆಕ್ಕಿಗರ ಕೈಗೆ ಹೋದವು. ಅಲ್ಲಿಂದೀಚೆಗೆ ಚಾರ್ಜು ಕೊಡುವುದು, ಚಾರ್ಜು ತೆಗೆದುಕೊಳ್ಳುವುದು ಎಂಬ ಮಾತು ನಮ್ಮ ಹಳ್ಳಿಗಳಿಗೆಲ್ಲ ಪರಿಚಿತ. ಏನೇನು ಕೊಟ್ಟೆ, ಏನೇನು ತೆಗೆದುಕೊಂಡೆ ಎಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುವುದು ಇದರ ಜೀವಾಳ.

ಕಂಪ್ಯೂಟರಿನ ಲೆಕ್ಕ ಒಂದು ರೀತಿಯಲ್ಲಿ ಮತ್ತೆ ಕಡತವೇ. ಅಲ್ಲಿಯೂ ಅಳಿಸಿ ಬರೆಯಬಹುದು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಟ್ಯಾಲಿ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ; ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಅದನ್ನು ರೂಪಿಸಿದರು. ಅದರಲ್ಲಿ ಒಂದೊಂದು ಸಂಸ್ಥೆಗೂ ಒಂದೊಂದು ‘ಕಂಪನಿ’ ತೆರೆಯುತ್ತೇವೆ. ಆ ಕಂಪನಿಯ ಹೆಸರನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ತಿದ್ದಿದರೆ ಏನಾಗುತ್ತದೆ? ಕಳೆದ ವರ್ಷದ ರಸೀತಿಯನ್ನು ಮತ್ತೆ ಮುದ್ರಿಸಿದರೆ, ಆಗ ಹುಟ್ಟಿಯೇ ಇರದಿದ್ದ ಕಂಪನಿಯ ಹೆಸರು ಅದರ ತಲೆಯ ಮೇಲೆ ಬರುತ್ತದೆ. ಹಳೆಯ ಗುಂಪಿನ ಲಾಭ ಯಾವುದು, ಹೊಸ ಕಂಪನಿಯ ಲಾಭ ಯಾವುದು ಎಂದು ಬಿಡಿಸಲು ಲೆಕ್ಕಪರಿಶೋಧಕರಿಗೂ ಸಾಧ್ಯವಾಗುವುದಿಲ್ಲ.

ಕಂಪನಿಗಳಿಗೆ ಇನ್ನೂ ಒಂದು ಕಟ್ಟುಪಾಡಿದೆ. 2023ರ ಏಪ್ರಿಲ್ 1ರಿಂದ ಕಂಪನಿಯ ಲೆಕ್ಕವಿಡುವ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ಯಾವಾಗ ಆಯಿತೆಂದು ತಾನಾಗಿಯೇ ದಾಖಲಾಗಬೇಕು, ಆ ಸೌಲಭ್ಯವನ್ನು ಯಾರೂ ನಿಲ್ಲಿಸುವಂತಿರಬಾರದು. ಇದನ್ನೇ ಎಡಿಟ್ ಲಾಗ್ ಅಥವಾ ಆಡಿಟ್ ಟ್ರೇಲ್ ಎನ್ನುತ್ತಾರೆ. ರೈತರ ಉತ್ಪಾದಕರ ಕಂಪನಿಗೂ ಇದು ಅನ್ವಯಿಸುತ್ತದೆ. ಗುಂಪಾಗಿದ್ದಾಗ ಬಳಸುತ್ತಿದ್ದ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಆದುದರಿಂದ ಕಂಪನಿಯ ಮೊದಲ ದಿನದಿಂದಲೇ ಎಡಿಟ್ ಲಾಗ್ ಇರುವ ಆವೃತ್ತಿಯಲ್ಲಿ ಲೆಕ್ಕ ಆರಂಭಿಸುವುದು ಅವಶ್ಯಕ. ಕಂಪ್ಯೂಟರಿನ ಲೆಕ್ಕದ ನಕಲನ್ನು ದಿನವೂ ಭಾರತದೊಳಗಿನ ಸರ್ವರಿನಲ್ಲಿ ತೆಗೆದಿಡಬೇಕೆಂಬುದೂ ಕಂಪನಿಗಳಿಗೆ ನಿಯಮವಾಗಿದೆ.

ದಿನ ಗೊತ್ತುಮಾಡುವುದು

ಬಿತ್ತನೆಯ ಹದದಲ್ಲಿ ಎತ್ತು ಬದಲಾಯಿಸುವವರು ಯಾರೂ ಇಲ್ಲ. ಲೆಕ್ಕಕ್ಕೂ ಹಾಗೆಯೇ ಒಂದು ಹದವಿದೆ. ನಮ್ಮ ಭಾಗದಲ್ಲಿ ನೆಲಗಡಲೆ ಬಿತ್ತನೆ ಜೂನ್-ಜುಲೈಯಲ್ಲಿ, ಕಟಾವು ಅಕ್ಟೋಬರ್-ನವೆಂಬರಿನಲ್ಲಿ. ಮಾರ್ಚ್ ಕೊನೆಯ ಹೊತ್ತಿಗೆ ಕಾಯಿ ಬಹುಪಾಲು ಮಾರಾಟವಾಗಿರುತ್ತದೆ, ಮುಂಗಾರಿನ ಗೊಬ್ಬರ ಇನ್ನೂ ಬಂದಿರುವುದಿಲ್ಲ. ಗೋದಾಮು ಹಗುರವಾಗಿರುವ ಕಾಲವದು. ಹಣಕಾಸಿನ ವರ್ಷ ಮುಗಿಯುವುದೂ ಮಾರ್ಚ್ 31ಕ್ಕೆ. ಆದ್ದರಿಂದ ಮಾರ್ಚ್ 31ಕ್ಕೆ ಹಳೆಯದನ್ನು ಮುಚ್ಚಿ ಏಪ್ರಿಲ್ 1ಕ್ಕೆ ಹೊಸದನ್ನು ಆರಂಭಿಸುವುದು ಅತ್ಯುತ್ತಮ. ನಡುವರ್ಷದಲ್ಲಿ ಬದಲಾಯಿಸಿದರೆ ಅದೇ ವರ್ಷಕ್ಕೆ ಇಬ್ಬರ ಹೆಸರಿನಲ್ಲಿ ಎರಡು ಲೆಕ್ಕ, ಎರಡು ಆದಾಯ ತೆರಿಗೆ ವಿವರಪಟ್ಟಿ ಸಿದ್ಧಪಡಿಸಬೇಕಾಗುತ್ತದೆ.

ಜನವರಿ 1ರಂದು ಅಥವಾ ಆನಂತರ ನೋಂದಣಿಯಾದ ಕಂಪನಿಯ ಮೊದಲ ಹಣಕಾಸು ವರ್ಷ ಮುಂದಿನ ವರ್ಷದ ಮಾರ್ಚ್ 31ರವರೆಗೆ ನಡೆಯುತ್ತದೆ. ಆದುದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕಂಪನಿಯನ್ನು ನೋಂದಾಯಿಸಿ, ಬ್ಯಾಂಕ್ ಖಾತೆ, ಪರವಾನಗಿಗಳ ಕೆಲಸ ಮುಗಿಸಿ, ಏಪ್ರಿಲ್ 1ರಿಂದ ವ್ಯಾಪಾರವನ್ನು ವಹಿಸಿಕೊಂಡರೆ ಅನುಕೂಲ. ಯಾವ ದಿನದಿಂದ ವ್ಯಾಪಾರ ಕಂಪನಿಯದಾಗುತ್ತದೆ ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಯಬೇಕು.

ಹಳೆಯ ಪುಸ್ತಕವನ್ನು ಮುಚ್ಚುವ ಕ್ರಮ

ಗೊತ್ತುಮಾಡಿದ ದಿನಕ್ಕೆ ಮುಂಚೆ ಈ ಕೆಳಕಂಡ ಕೆಲಸಗಳನ್ನು ಅನುಕ್ರಮವಾಗಿ ಮಾಡಬೇಕು.

1. ನಗದು ಎಣಿಸುವುದು. ಆ ದಿನ ಸಂಜೆ ಪೆಟ್ಟಿಗೆಯ ನಗದನ್ನು ಇಬ್ಬರು ಎಣಿಸಿ, ಕಿರ್ದಿಯ ಆಖೈರು ಶಿಲ್ಕಿನೊಂದಿಗೆ ತಾಳೆ ನೋಡಿ ಸಹಿ ಮಾಡಬೇಕು.

2. ಬ್ಯಾಂಕಿನೊಂದಿಗೆ ತಾಳೆ. ಬರೆದುಕೊಟ್ಟು ಇನ್ನೂ ಹಣ ಸಂದಾಯವಾಗದ ಚೆಕ್ಕುಗಳ ಪಟ್ಟಿಯನ್ನು ಬೇರೆಯಾಗಿ ಬರೆಯಬೇಕು.

3. ದಾಸ್ತಾನು ತೂಗುವುದು. ಇಲ್ಲಿ ಬೇಸಾಯಶಾಸ್ತ್ರದ ಒಂದು ಸಂಗತಿ ಲೆಕ್ಕಕ್ಕೆ ಬರುತ್ತದೆ. ಶೇ. 12ರಷ್ಟು ತೇವಾಂಶವಿದ್ದ 100 ಕ್ವಿಂಟಾಲ್ ಕಾಯಿಯಲ್ಲಿ ಒಣ ಪದಾರ್ಥ 88 ಕ್ವಿಂಟಾಲ್. ಅದು ಗೋದಾಮಿನಲ್ಲಿ ಶೇ. 8ಕ್ಕೆ ಒಣಗಿದರೆ ತೂಕ 95.65 ಕ್ವಿಂಟಾಲಿಗೆ ಇಳಿಯುತ್ತದೆ. ಯಾರೂ ಕದಿಯದೆ 4.35 ಕ್ವಿಂಟಾಲ್ ಕಡಿಮೆಯಾಯಿತು. ಪುಸ್ತಕದ ಅಂಕಿಯನ್ನೇ ಹೊಸ ಪುಸ್ತಕಕ್ಕೆ ಹೊತ್ತುಕೊಂಡು ಹೋದರೆ ಈ ಕೊರತೆ ಹೊಸ ಕಾರ್ಯದರ್ಶಿಯ ತಲೆಗೆ ಬರುತ್ತದೆ. ಆದ್ದರಿಂದ ತೂಗಿದ ಅಂಕಿಯನ್ನೇ ಬರೆಯಬೇಕು, ತೇವಾಂಶವನ್ನೂ ಪಕ್ಕದಲ್ಲಿ ನಮೂದಿಸಬೇಕು. ಬೀಜವನ್ನು ಲಾಟ್ ಸಂಖ್ಯೆಯೊಡನೆಯೂ ಕೀಟನಾಶಕವನ್ನು ಅವಧಿ ಮುಗಿಯುವ ದಿನಾಂಕದೊಡನೆಯೂ ಪಟ್ಟಿ ಮಾಡಬೇಕು.

4. ಬರಬೇಕಾದ ಬಾಕಿ. ಪ್ರತಿ ಸದಸ್ಯನಿಗೂ ಅವನ ಬಾಕಿಯ ಚೀಟಿ ಕೊಟ್ಟು, ಒಪ್ಪಿಗೆ ಸಹಿ ಪಡೆಯಬೇಕು. ಸಾಮಾನ್ಯ ಕೈಬಾಕಿಗೆ ಕಾನೂನಿನ ಅವಧಿ 3 ವರ್ಷ. ಅವಧಿ ಮುಗಿಯುವ ಮೊದಲು ಸಾಲಗಾರ ಬರೆದು ಸಹಿ ಮಾಡಿ ಒಪ್ಪಿಕೊಂಡರೆ ಅಂದಿನಿಂದ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಒಪ್ಪಿಗೆಯಿಲ್ಲದ ಹಳೆಯ ಬಾಕಿಯನ್ನು ಒಳ್ಳೆಯ ಬಾಕಿಯೆಂದು ತೋರಿಸಬಾರದು.

5. ಕೊಡಬೇಕಾದ ಬಾಕಿ. ಬೀಜ, ಗೊಬ್ಬರ ಪೂರೈಸಿದವರಿಂದಲೂ ಇದೇ ರೀತಿ ಪತ್ರ ಪಡೆಯಬೇಕು.

6. ಇವೆಲ್ಲ ಆದ ಮೇಲೆ ತಾಳೆಪಟ್ಟಿ, ಆಸ್ತಿ-ಜವಾಬ್ದಾರಿ ಪಟ್ಟಿ, ಸದಸ್ಯವಾರು ಖತಾವಣಿ ಈ ಮೂರನ್ನೂ ಕಾಗದದ ಮೇಲೆ ಮುದ್ರಿಸಿ, ಪುಟಪುಟಕ್ಕೂ ಪದಾಧಿಕಾರಿಗಳು ಸಹಿ ಮಾಡಬೇಕು.

7. ಕೊನೆಯದಾಗಿ ತಂತ್ರಾಂಶದ ಪೂರ್ಣ ಬ್ಯಾಕಪ್ಪನ್ನು ಎರಡು ಪ್ರತ್ಯೇಕ ಸಾಧನಗಳಲ್ಲಿ ತೆಗೆದು ಎರಡು ಊರುಗಳಲ್ಲಿ ಇಡಬೇಕು. ಅದರಲ್ಲೊಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಬೀಜವನ್ನು ಮೊಳಕೆ ಪರೀಕ್ಷೆ ಮಾಡದೆ ಬಿತ್ತುವುದು ಹೇಗೋ, ತೆರೆದು ನೋಡದ ಬ್ಯಾಕಪ್ಪೂ ಹಾಗೆಯೇ. ಗುಪ್ತಪದವನ್ನು ಲಕೋಟೆಯಲ್ಲಿ ಮುಚ್ಚಿ ಅಧ್ಯಕ್ಷರ ಬಳಿ ಇಡಬೇಕು.

ಹೊಸ ಪುಸ್ತಕವನ್ನು ತೆರೆಯುವ ಕ್ರಮ

ತಂತ್ರಾಂಶದಲ್ಲಿ ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆಯೊಡನೆ ಹೊಸ ಕಂಪನಿಯನ್ನು ತೆರೆಯಿರಿ. ಹಳೆಯ ಪುಸ್ತಕದಿಂದ ಸರಕುಗಳ ಹೆಸರು, ಸದಸ್ಯರ ಹೆಸರು, ವ್ಯಾಪಾರಿಗಳ ಹೆಸರು ಈ ಮೂಲ ಪಟ್ಟಿಗಳನ್ನು ಮಾತ್ರ ರಫ್ತು ಮಾಡಿ ಇಲ್ಲಿಗೆ ತರಬಹುದು. ಆಗ ನೂರಾರು ಹೆಸರುಗಳನ್ನು ಮತ್ತೆ ಟೈಪು ಮಾಡುವ ಶ್ರಮ ತಪ್ಪುತ್ತದೆ. ಆದರೆ ಹಳೆಯ ವೋಚರುಗಳು ಬರಬಾರದು. ಹೆಸರುಗಳೊಡನೆ ಹಳೆಯ ಶಿಲ್ಕುಗಳೂ ತೆಪ್ಪಗೆ ಬಂದುಬಿಡುವುದುಂಟು. ತರುವಾಗ ಅವು ಸೊನ್ನೆಯಾಗಿವೆಯೇ ಎಂದು ನೋಡಿಕೊಳ್ಳಿರಿ.

ಹೊಸ ಕಂಪನಿಯ ಆರಂಭಶಿಲ್ಕು ಸೊನ್ನೆಯೇ. ಇದು ಬಹಳ ಜನರಿಗೆ ವಿಚಿತ್ರವೆನಿಸುತ್ತದೆ. ಹೊಸದಾಗಿ ಹುಟ್ಟಿದ ಕಂಪನಿಗೆ ನಿನ್ನೆ ಎಂಬುದಿಲ್ಲ. ಅದರ ಮೊದಲ ಜಮಾ ಸದಸ್ಯರ ಷೇರು ಹಣ. ಷೇರು ಹಣ ಬಂದಿದೆಯೆಂಬ ಘೋಷಣೆಯನ್ನು ಕಂಪನಿ ನೋಂದಣಿಯಾದ 180 ದಿನಗಳೊಳಗೆ ಸಲ್ಲಿಸಬೇಕು. ಅದಕ್ಕೆ ಮುಂಚೆ ವ್ಯಾಪಾರ ಆರಂಭಿಸುವಂತಿಲ್ಲ. ಅನಂತರ ಹಳೆಯ ಗುಂಪಿನ ದಾಸ್ತಾನು, ಬಾಕಿ ಇತ್ಯಾದಿಗಳನ್ನು ಒಂದು ಕರಾರುಪತ್ರದ ಮೂಲಕ ಕಂಪನಿ ವಹಿಸಿಕೊಳ್ಳುತ್ತದೆ. ಆ ಕರಾರಿನ ದಿನಾಂಕದಲ್ಲಿ ಒಂದು ಜರ್ನಲ್ ನಮೂದು ಬೀಳುತ್ತದೆ. ಅದೇ ದಿನಾಂಕದಲ್ಲಿ ಹಳೆಯ ಪುಸ್ತಕದಲ್ಲಿ ಅದಕ್ಕೆ ಎದುರಾದ ನಮೂದು ಬೀಳಬೇಕು. ಕೊಟ್ಟ ಕೈಯ ಲೆಕ್ಕಕ್ಕೂ ತೆಗೆದುಕೊಂಡ ಕೈಯ ಲೆಕ್ಕಕ್ಕೂ ಒಂದು ರೂಪಾಯಿಯ ವ್ಯತ್ಯಾಸವೂ ಇರಬಾರದು.

ಬಿಲ್ಲುಗಳಿಗೆ ಹೊಸ ಕ್ರಮಸಂಖ್ಯೆ 1ರಿಂದ ಆರಂಭವಾಗಲಿ. ಹಳೆಯ ಬಿಲ್ ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಅಡ್ಡಗೆರೆ ಹೊಡೆದು ರದ್ದುಮಾಡಬೇಕು.

ಒಂದು ಉದಾಹರಣೆ

ಒಂದು ರೈತರ ಗುಂಪು ಎಂದಿಟ್ಟುಕೊಳ್ಳೋಣ. ಮಾರ್ಚ್ 31ರಂದು ಅದರ ಬ್ಯಾಂಕಿನಲ್ಲಿ 1,20,000 ರೂ., ಕೈಯಲ್ಲಿ 6,000 ರೂ., ದಾಸ್ತಾನು 84,000 ರೂ., ಸದಸ್ಯರಿಂದ ಬರಬೇಕಾದ ಬಾಕಿ 90,000 ರೂ. ಒಟ್ಟು 3,00,000 ರೂ. ಇನ್ನೊಂದು ಬದಿಯಲ್ಲಿ ಸದಸ್ಯರ ಉಳಿತಾಯ 1,60,000 ರೂ., ವ್ಯಾಪಾರಿಗೆ ಕೊಡಬೇಕಾದದ್ದು 70,000 ರೂ., ಕೂಡಿಟ್ಟ ಲಾಭ 70,000 ರೂ. ಅದೂ 3,00,000 ರೂ.

ಬಾಕಿಯ ಚೀಟಿ ಹಂಚಿದಾಗ 65,000 ರೂಪಾಯಿಗೆ ಸಹಿ ಬಂತು. 25,000 ರೂಪಾಯಿ ಮೂರು ವರ್ಷ ಮೀರಿದ ಹಳೆಯ ಬಾಕಿ. ಕಂಪನಿಯು ದಾಸ್ತಾನನ್ನೂ ಒಳ್ಳೆಯ ಬಾಕಿಯನ್ನೂ ವಹಿಸಿಕೊಂಡಿತು: 84,000 ಮತ್ತು 65,000 ಸೇರಿ 1,49,000 ರೂ. ವ್ಯಾಪಾರಿಯ 70,000 ರೂ. ಸಾಲವನ್ನು ಅವನ ಒಪ್ಪಿಗೆಯ ಮೇರೆಗೆ ತನ್ನ ಮೇಲೆ ಹಾಕಿಕೊಂಡಿತು. ಉಳಿದ 79,000 ರೂಪಾಯಿಯನ್ನು ತನ್ನ ಷೇರು ಹಣದಿಂದ ಗುಂಪಿಗೆ ಚೆಕ್ಕಿನ ಮೂಲಕ ಕೊಟ್ಟಿತು.

ಈಗ ಗುಂಪಿನ ಕೈಯಲ್ಲಿ 1,26,000 ಮತ್ತು 79,000 ಸೇರಿ 2,05,000 ರೂ. ಉಳಿತಾಯದ 1,60,000 ರೂಪಾಯಿಯನ್ನು ಸದಸ್ಯರಿಗೆ ಹಿಂದಿರುಗಿಸಿದರೆ 45,000 ರೂ. ನಗದು ಉಳಿಯಿತು. ಅದರ ಜೊತೆಗೆ ಹಳೆಯ ಬಾಕಿ 25,000 ರೂ. ಒಟ್ಟು 70,000 ರೂ. ಕೂಡಿಟ್ಟ ಲಾಭವೂ ಅಷ್ಟೇ. ಲೆಕ್ಕ ಕೂಡಿತು. ಆ ಲಾಭವನ್ನು ಏನು ಮಾಡಬೇಕೆಂಬುದನ್ನು ಗುಂಪಿನ ಸಾಮಾನ್ಯ ಸಭೆ ತೀರ್ಮಾನಿಸಬೇಕೇ ಹೊರತು ಕಂಪ್ಯೂಟರಿನ ಮುಂದೆ ಕೂತ ಹುಡುಗ ತೀರ್ಮಾನಿಸಬಾರದು. ಅಷ್ಟೇ ಮುಖ್ಯವಾಗಿ, ವಸೂಲಾಗದ 25,000 ರೂಪಾಯಿ ಹೊಸ ಕಂಪನಿಯೊಳಗೆ ಆಸ್ತಿಯ ವೇಷದಲ್ಲಿ ನುಸುಳಲಿಲ್ಲ.

ಉಳಿತಾಯವು ಷೇರಲ್ಲ

ಈ ಉದಾಹರಣೆಯಲ್ಲಿ ಉಳಿತಾಯವನ್ನು ಹಿಂದಿರುಗಿಸಿದ್ದೇಕೆ, ಅದನ್ನೇ ಷೇರೆಂದು ಬದಲಾಯಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂತ್ರಾಂಶದಲ್ಲಿ ಅದು ಒಂದೇ ನಮೂದಿನ ಕೆಲಸ. ಆದರೆ ಆ ಒಂದು ನಮೂದಿನಲ್ಲಿ ಸದಸ್ಯನ ಹಕ್ಕೇ ಬದಲಾಗಿಬಿಡುತ್ತದೆ. ಉಳಿತಾಯ ಎಂದರೆ ಕೇಳಿದಾಗ ಹಿಂದಿರುಗಿಸಬೇಕಾದ ಹಣ. ಷೇರು ಎಂದರೆ ಲಾಭನಷ್ಟಕ್ಕೆ ಒಡ್ಡಿದ ಹಣ. ವಾರಕ್ಕೆ ಇಪ್ಪತ್ತು ರೂಪಾಯಿ ಕಟ್ಟಿ ಮಗಳ ಮದುವೆಗೋ ಆಸ್ಪತ್ರೆಗೋ ಇರಲಿ ಎಂದು ಕೂಡಿಟ್ಟ ತಾಯಿಯನ್ನು ಕೇಳದೆ ಅವಳ ಹಣವನ್ನು ಷೇರು ಮಾಡುವ ಅಧಿಕಾರ ಯಾರಿಗೂ ಇಲ್ಲ. ಕಷ್ಟ ಬಂದ ದಿನ ಅವಳು ಬಂದು ಕೇಳಿದಾಗ ‘ನಿಮ್ಮದು ಷೇರು, ಈಗ ಬರುವುದಿಲ್ಲ’ ಎಂದು ಹೇಳಬೇಕಾಗಿ ಬಂದರೆ ಆ ಕಂಪನಿ ಆ ಊರಿನಲ್ಲಿ ಉಳಿಯುವುದಿಲ್ಲ.

ಆದುದರಿಂದ ಉಳಿತಾಯವು ಸದಸ್ಯನ ಸ್ವಂತ ಬ್ಯಾಂಕ್ ಖಾತೆಗೆ ಹೋಗಲಿ. ಷೇರು ಬೇಕೆಂದವರು ಅರ್ಜಿಗೆ ಸಹಿ ಮಾಡಿ ತಮ್ಮ ಖಾತೆಯಿಂದ ಕಂಪನಿಗೆ ಕಟ್ಟಲಿ. ಬೇಡವೆಂದವರ ಹಣ ಅವರ ಬಳಿ ಇರಲಿ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 10,000 ರೈತ ಉತ್ಪಾದಕರ ಸಂಸ್ಥೆಗಳ ಯೋಜನೆಯಲ್ಲಿ ಸದಸ್ಯರು ಕಟ್ಟಿದ ಷೇರು ಹಣಕ್ಕೆ ಸರಿಸಮನಾಗಿ, ಒಬ್ಬ ಸದಸ್ಯನಿಗೆ 2,000 ರೂ. ಹಾಗೂ ಒಂದು ಸಂಸ್ಥೆಗೆ 15 ಲಕ್ಷ ರೂ. ಮಿತಿಯೊಳಗೆ, ಅನುದಾನಕ್ಕೆ ಅವಕಾಶವಿಡಲಾಯಿತು. ಅಂಥ ಅನುದಾನದ ಆಸೆಗಾಗಿ ಷೇರುದಾರರ ಪಟ್ಟಿಯನ್ನು ಹಿಗ್ಗಿಸುವುದು ಮುಂದೆ ಎಲ್ಲರನ್ನೂ ಸಿಕ್ಕಿಸುತ್ತದೆ.

ಉತ್ಪಾದಕರ ಕಂಪನಿಯಲ್ಲಿ ಇನ್ನೊಂದು ವಿಶೇಷವಿದೆ. ಮಿಕ್ಕಿದ ಆದಾಯವನ್ನು ಸದಸ್ಯರು ಕಂಪನಿಯೊಡನೆ ಮಾಡಿದ ವ್ಯವಹಾರದ ಪ್ರಮಾಣದಲ್ಲಿ ಹಂಚಬಹುದು. ಹೆಚ್ಚು ಕಾಯಿ ಕೊಟ್ಟವನಿಗೆ ಹೆಚ್ಚು, ಕಡಿಮೆ ಕೊಟ್ಟವನಿಗೆ ಕಡಿಮೆ. ಇದಕ್ಕೆ ಸದಸ್ಯವಾರು ಖಾತೆ ಮೊದಲ ದಿನದಿಂದಲೇ ಇರಬೇಕು. ‘ನಗದು ಮಾರಾಟ’, ‘ನಗದು ಖರೀದಿ’ ಎಂದು ಒಟ್ಟಾಗಿ ಬರೆದರೆ ವರ್ಷದ ಕೊನೆಯಲ್ಲಿ ಹಂಚಲು ಆಧಾರವೇ ಇರುವುದಿಲ್ಲ.

ಜಿಎಸ್‌ಟಿ, ಪರವಾನಗಿ ಮತ್ತು ಗೋಡೆಯ ಮೇಲಿನ ಕ್ಯೂಆರ್

ಹಳೆಯ ಸಂಸ್ಥೆ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದು, ಅದರ ವ್ಯಾಪಾರವನ್ನು ಚಾಲ್ತಿಯಲ್ಲಿರುವಂತೆಯೇ ವಹಿಸಿಕೊಂಡರೆ, ಹೊಸ ಸಂಸ್ಥೆಯೂ ವಹಿಸಿಕೊಂಡ ದಿನದಿಂದಲೇ ನೋಂದಣಿ ಪಡೆಯಬೇಕು. ಕೊಂಡ ಗೊಬ್ಬರ, ಔಷಧಿಗಳ ಮೇಲೆ ಕಟ್ಟಿ ಇನ್ನೂ ಬಳಸಿಕೊಳ್ಳದ ತೆರಿಗೆ ಜಮೆ ಇದ್ದರೆ ಅದನ್ನು ಹೊಸ ಹೆಸರಿಗೆ ಒಯ್ಯಲು ಐಟಿಸಿ-02 ಎಂಬ ನಮೂನೆಯಿದೆ. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು. ಇಲ್ಲಿ ಅನುಕ್ರಮ ಮುಖ್ಯ: ಮೊದಲು ಹೊಸ ನೋಂದಣಿ, ಆಮೇಲೆ ಐಟಿಸಿ-02, ಅದಾದ ಮೇಲೆ ಹಳೆಯ ನೋಂದಣಿಯ ರದ್ದತಿ. ಮೊದಲೇ ಹಳೆಯದನ್ನು ರದ್ದುಮಾಡಿಕೊಂಡರೆ ಜಮೆ ಕೈತಪ್ಪುತ್ತದೆ. ರದ್ದಾದ ಮೇಲೆ 3 ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ವಿವರಪಟ್ಟಿ ಸಲ್ಲಿಸಬೇಕು. ಯಜಮಾನರು ತೀರಿಕೊಂಡು ವಾರಸುದಾರರು ಅಂಗಡಿ ಮುಂದುವರಿಸುವಾಗಲೂ ಇದೇ ನಮೂನೆಯ ಮೂಲಕ ಜಮೆಯನ್ನು ತಮ್ಮ ಹೆಸರಿಗೆ ಪಡೆಯಬಹುದು.

ಬೀಜ, ಗೊಬ್ಬರ, ಕೀಟನಾಶಕ ಈ ಮೂರರ ಪರವಾನಗಿಗಳೂ ಪಡೆದವರ ಹೆಸರಿನಲ್ಲಿರುತ್ತವೆ. ಹೊಸ ಕಂಪನಿ ತನ್ನ ಹೆಸರಿನಲ್ಲಿ ಪಡೆಯಬೇಕು. ಸಹಾಯಧನದ ಗೊಬ್ಬರವನ್ನು ಪಿಒಎಸ್ ಯಂತ್ರದ ಮೂಲಕ ಮಾರುತ್ತೇವಷ್ಟೆ. ಗೋದಾಮಿನ ಚೀಲ, ಯಂತ್ರದ ದಾಸ್ತಾನು, ತಂತ್ರಾಂಶದ ದಾಸ್ತಾನು ಈ ಮೂರೂ ಬದಲಾವಣೆಯ ದಿನ ಒಂದೇ ಅಂಕಿಯನ್ನು ಹೇಳಬೇಕು. ಹಳೆಯ ಹೆಸರಿನ ಯಂತ್ರದಲ್ಲಿ ಹೊಸ ಕಂಪನಿಯ ಚೀಲ ಮಾರಾಟವಾಗಕೂಡದು.

ಇನ್ನೊಂದು ಸಣ್ಣ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಹಳೆಯ ಬ್ಯಾಂಕ್ ಖಾತೆಗೆ ಸೇರಿದ್ದು. ಅದನ್ನು ಕಿತ್ತು ಹಾಕದಿದ್ದರೆ ಹೊಸ ಕಂಪನಿಯ ಮಾರಾಟದ ಹಣ ಹಳೆಯ ಖಾತೆಗೆ ಬೀಳುತ್ತಲೇ ಇರುತ್ತದೆ. ಹಾಗೆ ಬಿದ್ದ ಹಣವನ್ನು ಎರಡೂ ಪುಸ್ತಕಗಳಲ್ಲಿ ‘ವರ್ಗಾಯಿಸಬೇಕಾದ ಹಣ’ ಎಂಬ ಒಂದು ಖಾತೆಗೆ ಬರೆದು, ವಾರಕ್ಕೊಮ್ಮೆ ಚುಕ್ತಾ ಮಾಡಬೇಕು. ಹಳೆಯ ಬ್ಯಾಂಕ್ ಖಾತೆಯನ್ನು ಹೊರಗಿರುವ ಚೆಕ್ಕುಗಳೆಲ್ಲ ಸಂದಾಯವಾದ ಮೇಲೆಯೇ ಮುಚ್ಚಬೇಕು.

ಹಳೆಯ ಪುಸ್ತಕವನ್ನು ಕಾಪಾಡುವುದು

ಮುಚ್ಚಿದ ಪುಸ್ತಕ ಸತ್ತ ಪುಸ್ತಕವಲ್ಲ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಇಡಬೇಕು. ಕಂಪನಿಯ ಲೆಕ್ಕಗಳನ್ನು 8 ವರ್ಷ ಇಡಬೇಕು. ಸದಸ್ಯರ ಷೇರು, ಉಳಿತಾಯಗಳ ಖತಾವಣಿಯನ್ನಂತೂ ಶಾಶ್ವತವಾಗಿ ಇಡುವುದು ಒಳ್ಳೆಯದು. ತಂತ್ರಾಂಶದ ಆವೃತ್ತಿಗಳು ಬದಲಾಗುತ್ತವೆ, ಕಂಪ್ಯೂಟರ್ ಕೆಡುತ್ತದೆ, ಲೆಕ್ಕ ಬರೆಯುವ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಆದುದರಿಂದ ವರ್ಷಕ್ಕೊಮ್ಮೆ ಹಳೆಯ ಬ್ಯಾಕಪ್ಪನ್ನು ತೆರೆದು ನೋಡಿರಿ. ಮುದ್ರಿಸಿ ಸಹಿ ಮಾಡಿದ ಕಾಗದವನ್ನು ಗೆದ್ದಲು ಸೇರದಂತೆ ಕಬ್ಬಿಣದ ಬೀರುವಿನಲ್ಲಿಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಎರಡು ಮಾತು

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ನೀಡಿತು. 63,000 ಸಂಘಗಳು, 2,516 ಕೋಟಿ ರೂ. ಅಂದಾಜು. ಅಲ್ಲಿ ರೂಪ ಬದಲಾಗುವುದಿಲ್ಲ, ಪುಸ್ತಕ ಮಾತ್ರ ಕಾಗದದಿಂದ ಯಂತ್ರಕ್ಕೆ ಹೋಗುತ್ತದೆ. ಆದರೂ ಸದಸ್ಯನ ಪ್ರಶ್ನೆ ಅದೇ: ನನ್ನ ಶಿಲ್ಕು ಸರಿಯಾಗಿ ಬಂದಿದೆಯೇ? ಗುಂಪಿರಲಿ, ಕಂಪನಿಯಿರಲಿ, ಸಹಕಾರ ಸಂಘವಿರಲಿ, ಬದಲಾವಣೆಯಾದ ಒಂದು ತಿಂಗಳೊಳಗೆ ಸದಸ್ಯರ ಹೆಸರು, ಹಳೆಯ ಶಿಲ್ಕು, ಕೊಟ್ಟದ್ದು, ಹೊಸ ಷೇರು ಈ ನಾಲ್ಕು ಕಲಮುಗಳ ಪಟ್ಟಿಯನ್ನು ಸಭೆ ಕರೆದು ಗಟ್ಟಿಯಾಗಿ ಓದಿಸಿರಿ. ಓದು ಬಾರದವರೂ ತಮ್ಮ ಅಂಕಿಯನ್ನು ಕೇಳಿ ತಿಳಿಯುತ್ತಾರೆ. ತಪ್ಪಿದ್ದರೆ ಅಲ್ಲೇ ಎದ್ದು ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ಲೆಕ್ಕಪರಿಶೋಧನೆ ಇನ್ನೊಂದಿಲ್ಲ.

ಕರಾರುಪತ್ರ, ತೆರಿಗೆ ಇವುಗಳ ವಿವರಗಳಿಗೆ ಲೆಕ್ಕಪರಿಶೋಧಕರ ಸಲಹೆಯನ್ನು ಬದಲಾವಣೆಗೆ ಮುಂಚೆಯೇ ಪಡೆಯಿರಿ. ಬದಲಾದ ಮೇಲೆ ಕೇಳಿದರೆ ಅವರಾದರೂ ಏನು ಮಾಡಿಯಾರು?

ಬಾಂಧವರೇ, ಈ ಮಾರ್ಚ್ ತಿಂಗಳಿಗೆ ಮುಂಚೆ ನಿಮ್ಮ ಸಂಘದ ಪ್ಯಾನ್ ಕಾರ್ಡನ್ನು ತೆಗೆದು ನಾಲ್ಕನೆಯ ಅಕ್ಷರವನ್ನೊಮ್ಮೆ ನೋಡಿರಿ. ಅದು ಬದಲಾಗುವುದಿದ್ದರೆ ಹಳೆಯ ಪುಸ್ತಕವನ್ನು ಗೌರವದಿಂದ ಮುಚ್ಚಿ, ಹೊಸದನ್ನು ಶುದ್ಧವಾಗಿ ತೆರೆಯಿರಿ. ಮುಂಗಾರಿನ ಬೀಜ ಹಂಚುವ ಹೊತ್ತಿಗೆ ನಿಮ್ಮ ಲೆಕ್ಕವೂ ಹದಕ್ಕೆ ಬಂದಿರುತ್ತದೆ.